ನೋವಿಗೊಂದು ಅಳತೆಗೋಲು: ಕೆಲಸದ ಗಾಯ ಮತ್ತು ಪರಿಹಾರದ ಚರಿತ್ರೆ

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಬೆಳಗಿನ ಹೊತ್ತು ತಿರುಗಾಡಲು ಹೊರಟರೆ ಎರಡು ಬಗೆಯ ಕೆಲಸಗಾರರು ಕಣ್ಣಿಗೆ ಬೀಳುತ್ತಾರೆ. ಊಟದ ಡಬ್ಬಿ ಹಿಡಿದು ಉದ್ಯಮಬಾಗ, ಮಚ್ಛೆಯ ಕಡೆಯ ಫೌಂಡ್ರಿಗಳ ಮೊದಲ ಪಾಳಿಗೆ ಹೊರಟವರು ಕೆಲವರು. ಖಾನಾಪುರದ ಕಡೆಯ ಹಳ್ಳಿಗಳಿಂದ ಬಂದು, ಕಟ್ಟುತ್ತಿರುವ ಮನೆಗಳ ಮುಂದೆ ಸಿಮೆಂಟು, ಇಟ್ಟಿಗೆ ಇಳಿಸುವವರು ಕೆಲವರು. ಇವರಲ್ಲಿ ನನಗೆ ಪರಿಚಯದ ಒಬ್ಬರು ಹಲವು ವರ್ಷ ಫೆಟ್ಲಿಂಗ್ ಕೆಲಸ ಮಾಡಿದವರು. ಎರಕ ಹೊಯ್ದ ಬಿಡಿಭಾಗಗಳ ಮೇಲಿನ ಬೇಡವಾದ ಲೋಹವನ್ನು ಒಡೆದು, ಉಜ್ಜಿ ತೆಗೆಯುವುದೇ ಈ ಕೆಲಸ. ಒಂದು ದಿನ ಭಾರದ ಕಾಸ್ಟಿಂಗ್ ಎತ್ತುವಾಗ ಸೊಂಟದಲ್ಲಿ ಚಳಕು ಬಂತು. ಮೂರು ತಿಂಗಳಾದರೂ ನೋವು ಹೋಗಲಿಲ್ಲ. ಎಕ್ಸ್-ಕಿರಣ ಚಿತ್ರದಲ್ಲಿ ಏನೂ ಕಾಣಲಿಲ್ಲ. 'ಕೆಲಸ ತಪ್ಪಿಸಿಕೊಳ್ಳುವ ನಾಟಕ' ಎಂಬ ಮಾತು ಕೇಳಬೇಕಾಯಿತು. ಪರಿಹಾರವೂ ಸಿಗಲಿಲ್ಲ. ಅವರು ಒಮ್ಮೆ ನನಗೆ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ: "ಒಂದ ಬೆರಳ ಹೋಗಿದ್ರ ಛಲೋ ಇತ್ತರಿ ಸರ್, ನಾಕ ಮಂದಿ ಕಣ್ಣಿಗೆ ಕಾಣತಿತ್ತು."

ಭೌತವಿಜ್ಞಾನವನ್ನು ಕಲಿಸುವ ನನಗೆ ಈ ಮಾತಿನಲ್ಲಿ ಕೇಳಿಸಿದ್ದು ಮಾಪನದ ಸಮಸ್ಯೆ. ಕಳೆದುಹೋದ ಬೆರಳನ್ನು ಎಣಿಸಬಹುದು, ನೋವನ್ನು ಎಣಿಸುವುದು ಹೇಗೆ? ಅಳೆಯಲಾಗದ್ದಕ್ಕೆ ಪರಿಹಾರ ಕೊಡುವುದು ಹೇಗೆ? ಈ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆ ಇದೆ. ಅದರಲ್ಲಿ ಕಾನೂನು, ವೈದ್ಯಶಾಸ್ತ್ರ ಮತ್ತು ಭೌತವಿಜ್ಞಾನ ಒಂದರೊಡನೊಂದು ಹೆಣೆದುಕೊಂಡಿವೆ. ಬನ್ನಿ, ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಗಿರಣಿಗಳು ಬಂದ ಕಾಲ

ಕೆಲಸದಿಂದ ಬರುವ ಬೇನೆಗಳನ್ನು ಮೊದಲು ವ್ಯವಸ್ಥಿತವಾಗಿ ಬರೆದಿಟ್ಟವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ. 1700ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಗಣಿಗಾರರು, ಕುಂಬಾರರು, ಲಿಪಿಕಾರರು ಹೀಗೆ ಹತ್ತಾರು ಕಸುಬುಗಳವರ ಕಾಯಿಲೆಗಳ ವಿವರಣೆ ಇದೆ. ರೋಗಿಯನ್ನು ಪರೀಕ್ಷಿಸುವಾಗ ಅವನ ಕಸುಬು ಯಾವುದೆಂದು ತಪ್ಪದೆ ಕೇಳಬೇಕು ಎಂಬುದು ರಾಮಜ್ಜಿನಿಯ ಸಲಹೆ.

ಆದರೆ ಕಾಯಿಲೆಯನ್ನು ಗುರುತಿಸುವುದು ಬೇರೆ, ಅದರ ಹೊಣೆಯನ್ನು ಹೊರುವುದು ಬೇರೆ. ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಎಂಬ ಮಾಂಸದಂಗಡಿಯ ಆಳು, ಅತಿಭಾರ ಹೇರಿದ್ದ ಗಾಡಿ ಮುರಿದು ಗಾಯಗೊಂಡು, ಯಜಮಾನ ಫೌಲರ್‌ನ ಮೇಲೆ ದಾವೆ ಹೂಡಿದ. 1837ರಲ್ಲಿ ತೀರ್ಪು ಯಜಮಾನನ ಪರವಾಯಿತು. ಕೆಲಸಕ್ಕೆ ಒಪ್ಪಿಕೊಂಡವನು ಅದರ ಅಪಾಯವನ್ನೂ ಒಪ್ಪಿಕೊಂಡಂತೆ, ಜೊತೆಗಾರನ ತಪ್ಪಿನಿಂದ ಆದ ಗಾಯಕ್ಕೆ ಯಜಮಾನ ಹೊಣೆಯಲ್ಲ ಎಂಬ ವಾದಗಳು ಮುಂದೆ ಬಹುಕಾಲ ನ್ಯಾಯಾಲಯಗಳಲ್ಲಿ ಬೇರೂರಿ ನಿಂತವು.

ನಮ್ಮ ಭಾಗದಲ್ಲಿ ಯಂತ್ರಯುಗ ಕಾಲಿಟ್ಟದ್ದು 1880ರ ದಶಕದಲ್ಲಿ. ಗೋಕಾಕ ಜಲಪಾತದ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಆಗ ಹುಟ್ಟಿತು. ಬೆಳಗಾವಿ, ಖಾನಾಪುರಗಳಿಗೆ ರೈಲು ಬಂದದ್ದೂ ಅದೇ ದಶಕದಲ್ಲಿ. ಅಂದಿನ ಗಿರಣಿಗಳಲ್ಲಿ ಉದ್ದನೆಯ ದಂಡವೊಂದು ತಿರುಗುತ್ತಿತ್ತು, ಅದರಿಂದ ಬೆಲ್ಟುಗಳ ಮೂಲಕ ಪ್ರತಿ ಯಂತ್ರಕ್ಕೂ ಚಾಲನೆ ಹೋಗುತ್ತಿತ್ತು. ಧೋತರದ ಚುಂಗೋ ಸೀರೆಯ ಸೆರಗೋ ಬೆಲ್ಟಿಗೆ ಸಿಕ್ಕರೆ ಕೈಯೇ ಹೋಗುವ ಅಪಾಯ. ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರಲ್ಲಿ ಬಂತು. ಅಪಾಯಕಾರಿ ಯಂತ್ರಗಳಿಗೆ ಬೇಲಿ ಹಾಕಬೇಕೆಂದು ಅದು ಹೇಳಿತು. ಆದರೆ ಗಾಯವಾದವನಿಗೆ ಪರಿಹಾರದ ಹಕ್ಕನ್ನು ಕೊಡಲಿಲ್ಲ. 1855ರ ಮಾರಕ ಅಪಘಾತಗಳ ಕಾಯಿದೆಯಡಿ ಸತ್ತವರ ಮನೆಯವರು ದಾವೆ ಹೂಡಬಹುದಿತ್ತು. ಅದಕ್ಕೆ ಯಜಮಾನನ ತಪ್ಪನ್ನು ರುಜುವಾತುಪಡಿಸಬೇಕಿತ್ತು. ಅನಕ್ಷರಸ್ಥ ಕೂಲಿಕಾರನ ಕುಟುಂಬಕ್ಕೆ ಇದು ಎಷ್ಟರ ಮಟ್ಟಿಗೆ ಸಾಧ್ಯವಿತ್ತೆಂಬುದನ್ನು ನೀವೇ ಊಹಿಸಿ.

ಈ ನಡುವೆ ಜರ್ಮನಿಯಲ್ಲಿ ಹೊಸ ವಿಚಾರವೊಂದು ರೂಪುಗೊಂಡಿತು. ಬಿಸ್ಮಾರ್ಕ್ 1884ರಲ್ಲಿ ತಂದ ಅಪಘಾತ ವಿಮೆಯ ಕಾಯಿದೆ 'ತಪ್ಪು ಯಾರದು?' ಎಂಬ ಪ್ರಶ್ನೆಯನ್ನೇ ಬದಿಗಿಟ್ಟಿತು. ಯಂತ್ರ ಸವೆದರೆ ಅದರ ವೆಚ್ಚ ಕಾರ್ಖಾನೆಯದು. ಹಾಗೆಯೇ ಕೆಲಸಗಾರನ ದೇಹಕ್ಕೆ ಹಾನಿಯಾದರೆ ಅದರ ವೆಚ್ಚವೂ ಉದ್ಯಮದ್ದೇ ಎಂಬುದು ಇದರ ತಿರುಳು. ಪೂರ್ಣ ಅಶಕ್ತನಾದವನಿಗೆ ಕೂಲಿಯ ಮೂರರಲ್ಲಿ ಎರಡು ಭಾಗ ಪಿಂಚಣಿ ಸಿಗುವಂತಾಯಿತು. ಬ್ರಿಟನ್ 1897ರಲ್ಲಿ ತನ್ನ ಕಾಯಿದೆ ಮಾಡಿತು. 'ಉದ್ಯೋಗದಿಂದ ಉಂಟಾದ ಹಾಗೂ ಉದ್ಯೋಗದ ಅವಧಿಯಲ್ಲಿ ಸಂಭವಿಸಿದ' ಅಪಘಾತ ಎಂಬ ಪ್ರಸಿದ್ಧ ಮಾತು ಅಲ್ಲಿಂದಲೇ ನಮ್ಮ ಕಾನೂನಿಗೂ ಬಂದಿದೆ.

ರೈಲು ತಂದ ಬೆನ್ನುನೋವು

ಪರಿಹಾರದ ಹಕ್ಕು ಹುಟ್ಟಿದ ಬೆನ್ನಿಗೇ ಸಂಶಯವೂ ಹುಟ್ಟಿತು. ಇದರ ಮೊದಲ ರಂಗಸ್ಥಳ ರೈಲು. 19ನೆಯ ಶತಮಾನದ ನಡುಭಾಗದಲ್ಲಿ ಬ್ರಿಟನ್ನಿನ ರೈಲು ಅಪಘಾತಗಳಲ್ಲಿ ಮೇಲ್ನೋಟಕ್ಕೆ ಗಾಯವೇ ಇಲ್ಲದೆ ಪಾರಾದವರು ಕೆಲವು ದಿನ, ವಾರಗಳ ನಂತರ ಬೆನ್ನುನೋವು, ನಡುಕ, ನಿದ್ರಾಹೀನತೆಗಳಿಂದ ಬಳಲತೊಡಗಿದರು. ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ 1865ರ ಸ್ಟೇಪಲ್‌ಹರ್ಸ್ಟ್ ಅಪಘಾತದಿಂದ ಪಾರಾಗಿ ಗಾಯಾಳುಗಳ ಸೇವೆಯನ್ನೂ ಮಾಡಿದವನು. ಆಮೇಲೆ ರೈಲು ಪ್ರಯಾಣವೆಂದರೆ ಅವನಿಗೆ ನಡುಕ ಬರುತ್ತಿತ್ತು.

ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ಸನ್ 1866ರಲ್ಲಿ, ಇಂಥ ಆಘಾತದಿಂದ ಬೆನ್ನುಹುರಿಗೆ ಕಣ್ಣಿಗೆ ಕಾಣದ ಹಾನಿಯಾಗುತ್ತದೆ ಎಂದು ವಾದಿಸಿದ. ಈ ಬೇನೆಗೆ 'ರೈಲ್ವೆ ಬೆನ್ನು' ಎಂಬ ಹೆಸರೇ ಬಿತ್ತು. ನ್ಯಾಯಾಲಯಗಳಲ್ಲಿ ರೈಲ್ವೆ ಕಂಪನಿಗಳು ದೊಡ್ಡ ಮೊತ್ತ ತೆರಬೇಕಾಯಿತು. 1883ರಲ್ಲಿ ರೈಲ್ವೆ ಕಂಪನಿಯೊಂದರ ಶಸ್ತ್ರವೈದ್ಯ ಹರ್ಬರ್ಟ್ ಪೇಜ್ ಇದನ್ನು ಖಂಡಿಸಿ ಪುಸ್ತಕ ಬರೆದ. ಬೆನ್ನುಹುರಿಗೆ ಏನೂ ಆಗಿಲ್ಲ, ಭಯದ ಆಘಾತವೇ ಕಾರಣ, ಪರಿಹಾರದ ಆಸೆ ಅದನ್ನು ಹೆಚ್ಚಿಸುತ್ತದೆ ಎಂಬುದು ಅವನ ವಾದ. ಜರ್ಮನಿಯಲ್ಲಿ ನರವೈದ್ಯ ಹರ್ಮನ್ ಒಪೆನ್‌ಹೈಮ್ 1889ರಲ್ಲಿ ಇಂಥ ಬೇನೆಗಳನ್ನು ಅಪಘಾತದ ನೇರ ಫಲವೆಂದ. ಅಲ್ಲಿನ ವಿಮಾ ಕಚೇರಿಯೂ ಅದನ್ನು ಪರಿಹಾರಕ್ಕೆ ಅರ್ಹವೆಂದು ಅದೇ ವರ್ಷ ಒಪ್ಪಿತು. 1926ರಲ್ಲಿ ಅದೇ ಕಚೇರಿ ಆ ನಿಲುವನ್ನು ಕೈಬಿಟ್ಟಿತು.

ಇಲ್ಲಿ ನೀವು ಒಂದು ಸಂಗತಿಯನ್ನು ಗಮನಿಸಬೇಕು. ಇಬ್ಬರು ವೈದ್ಯರ ಮುಂದೆಯೂ ಇದ್ದ ಸಾಕ್ಷ್ಯ ಒಂದೇ ಆಗಿತ್ತು, ರೋಗಿಯ ಮಾತು. ಅದನ್ನು ನಂಬಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಬೇಕಾದ ಉಪಕರಣ ಇಬ್ಬರ ಬಳಿಯೂ ಇರಲಿಲ್ಲ.

ಅಂಗಾಂಗಗಳ ಬೆಲೆಪಟ್ಟಿ

ಭಾರತದ ಕಾರ್ಮಿಕ ಪರಿಹಾರ ಕಾಯಿದೆ 1923ರಲ್ಲಿ ಅಂಗೀಕಾರವಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಹೀಗಾಗಿ ಕಾಯಿದೆ ಇಲ್ಲಿಗೆ ನೇರವಾಗಿ ಅನ್ವಯಿಸಿತು. ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳ ಕನ್ನಡಿಗರು ಬ್ರಿಟಿಷ್ ಇಂಡಿಯಾದ ಕಾನೂನಿನ ಹೊರಗಿದ್ದರು. ಒಂದೇ ಭಾಷೆಯಾಡುವ ಕೂಲಿಕಾರರ ಹಕ್ಕು ಅವರು ನಿಂತ ನೆಲದ ಮೇಲೆ ಅವಲಂಬಿಸಿತ್ತು!

ಈ ಕಾಯಿದೆಯ ಮೊದಲ ಅನುಸೂಚಿ ಒಂದು ಅಳತೆಪಟ್ಟಿ. ಯಾವ ಅಂಗ ಹೋದರೆ ಗಳಿಕೆಯ ಸಾಮರ್ಥ್ಯ ಶೇಕಡಾ ಎಷ್ಟು ಕುಂದುತ್ತದೆ ಎಂಬ ಲೆಕ್ಕ ಅದರಲ್ಲಿದೆ. 1923ರ ಮೂಲ ಪಟ್ಟಿಯಲ್ಲಿ ಬಲಗೈ ಮೊಣಕೈಯಿಂದ ಹೋದರೆ 70, ಎಡಗೈ ಆದರೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25 ಎಂದಿತ್ತು. ಮುಂದೆ ತಿದ್ದುಪಡಿಗಳಾಗಿ ಕಣ್ಣಿಗೆ 40, ಹೆಬ್ಬೆರಳಿಗೆ 30, ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7 ಆಯಿತು.

ಈ ಅಂಕಿಗಳ ಅರ್ಥವೇನೆಂದು ಒಂದು ಲೆಕ್ಕದಿಂದ ನೋಡೋಣ. 2009ರ ತಿದ್ದುಪಡಿಯ ನಂತರ ಈ ಕಾಯಿದೆಗೆ ನೌಕರರ ಪರಿಹಾರ ಕಾಯಿದೆ ಎಂಬ ಹೆಸರಾಯಿತು. ಪೂರ್ಣ ಶಾಶ್ವತ ಅಶಕ್ತತೆಗೆ ತಿಂಗಳ ಕೂಲಿಯ ಶೇಕಡಾ 60ನ್ನು ವಯಸ್ಸಿಗೆ ಅನುಗುಣವಾದ ಗುಣಕದಿಂದ ಗುಣಿಸಬೇಕು. 40 ವರ್ಷದವರಿಗೆ ಈ ಗುಣಕ 184.17. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಅದರಂತೆ 9,000 x 184.17 = 16,57,530 ರೂಪಾಯಿ. ತೋರುಬೆರಳು ಹೋದರೆ ಇದರ ಶೇಕಡಾ 14, ಅಂದರೆ ಸುಮಾರು 2,32,000 ರೂಪಾಯಿ. ಒಂದೊಂದು ಶೇಕಡಾ ಅಂಶಕ್ಕೂ ಹದಿನಾರೂವರೆ ಸಾವಿರ ರೂಪಾಯಿಯ ತೂಕವಿದೆ.

ಹಾಗಾದರೆ ಸೊಂಟನೋವಿಗೆ? ಪಟ್ಟಿಯಲ್ಲಿ ನೋವು ಎಂಬ ಬಾಬ್ತೇ ಇಲ್ಲ. ಪಟ್ಟಿಯಲ್ಲಿಲ್ಲದ ಗಾಯವಾದರೆ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆಯೆಂದು ಅರ್ಹ ವೈದ್ಯರು ನಿರ್ಧರಿಸಬೇಕು. ಬಾಗಿಲು ಮುಚ್ಚಿಲ್ಲ, ನಿಜ. ಆದರೆ ಬೆರಳು ಕಳೆದುಕೊಂಡವರಿಗೆ ಪಟ್ಟಿಯೇ ಸಾಕ್ಷಿ, ನೋವುಳ್ಳವರಿಗೆ ವೈದ್ಯರ ಅಂದಾಜೊಂದೇ ಆಧಾರ. ಆ ಅಂದಾಜು ಸೊನ್ನೆಯಾದರೆ ಮೊತ್ತವೂ ಸೊನ್ನೆ.

ಕೋಲಾರದ ಪಾಠ

ಕಾಣದ ಹಾನಿಯನ್ನು ಕಾಣುವಂತೆ ಮಾಡಿದ ಉದಾಹರಣೆಯೊಂದು ಕರ್ನಾಟಕದಲ್ಲೇ ಇದೆ. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರದಿಂದಾಗುವ ಒತ್ತಡವನ್ನು ನಿಮ್ಮ ವಿದ್ಯಾರ್ಥಿಗಳೇ ಲೆಕ್ಕಹಾಕಬಹುದು. ಸಾಂದ್ರತೆ ಘನಮೀಟರಿಗೆ 2,900 ಕಿಲೋಗ್ರಾಂ ಎಂದು ಹಿಡಿದರೆ 3,000 ಮೀಟರ್ ಆಳದಲ್ಲಿ ಸುಮಾರು 85 ಮೆಗಾಪಾಸ್ಕಲ್, ವಾಯುಮಂಡಲದ ಒತ್ತಡದ ಎಂಟುನೂರು ಪಟ್ಟಿಗೂ ಹೆಚ್ಚು. ಗಣಿ ತೋಡಿದಾಗ ಈ ಒತ್ತಡ ಹಠಾತ್ತನೆ ಬಿಡುಗಡೆಯಾಗಿ ಬಂಡೆ ಸಿಡಿಯುತ್ತಿತ್ತು. 1965ರಲ್ಲಿ ಇದೇ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳನ್ನು ಗುರುತಿಸಿದ್ದನ್ನು ಭೌತವಿಜ್ಞಾನಿಗಳು ಹೆಮ್ಮೆಯಿಂದ ನೆನೆಯುತ್ತೇವೆ. ಅಷ್ಟೇ ಆಳದಲ್ಲಿ ದಿನವೂ ಇಳಿದು ದುಡಿದವರನ್ನು ನೆನೆಯುವುದು ಕಡಿಮೆ.

ಬಂಡೆ ಸಿಡಿದು ಆದ ಗಾಯ ಎಲ್ಲರಿಗೂ ಕಾಣುತ್ತಿತ್ತು. ಕಾಣದಿದ್ದದ್ದು ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್. ಕೆಮ್ಮು, ಏದುಸಿರುಗಳನ್ನು ಕ್ಷಯವೆಂದೋ ದೌರ್ಬಲ್ಯವೆಂದೋ ತಳ್ಳಿಹಾಕಬಹುದಿತ್ತು. 1940ರ ದಶಕದಲ್ಲಿ ಸಾವಿರಾರು ಗಣಿ ಕೆಲಸಗಾರರ ಎದೆಯ ಎಕ್ಸ್-ಕಿರಣ ಪರೀಕ್ಷೆ ನಡೆದಾಗ ಈ ಬೇನೆಯ ವ್ಯಾಪ್ತಿ ಬಯಲಾಯಿತು. ಮುಂದೆ ಅದು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ರಾಂಟ್‌ಜನ್ 1895ರಲ್ಲಿ ಕಂಡುಹಿಡಿದ ಕಿರಣ ಕೆಲಸಗಾರನ ಪರ ಸಾಕ್ಷಿ ನುಡಿಯಿತು. ಆದರೆ ನೋವಿಗೆ ಅಂಥ ಕಿರಣ ಯಾವುದು?

ಬೆನ್ನೆಂಬ ಸನ್ನೆಗೋಲು

ಸಮಸ್ಯೆ ಗಾಯ ನಿಜವೋ ಅಲ್ಲವೋ ಎಂಬುದಲ್ಲ ಎನ್ನುವುದಕ್ಕೆ ಸನ್ನೆಯ ನಿಯಮವೇ ಸಾಕು. 60 ಕಿಲೋಗ್ರಾಂ ತೂಕದ ಒಬ್ಬರು ಮುಂದಕ್ಕೆ ಬಾಗಿ 50 ಕಿಲೋಗ್ರಾಮಿನ ಸಿಮೆಂಟು ಚೀಲ ಎತ್ತುತ್ತಾರೆನ್ನಿ. ಸೊಂಟದ ಕೆಳಗಿನ ಕೀಲು ಆಧಾರ ಬಿಂದು. ಚೀಲದ ತೂಕ ಸುಮಾರು 500 ನ್ಯೂಟನ್, ದೂರ 40 ಸೆಂಟಿಮೀಟರ್: ಟಾರ್ಕ್ 200 ನ್ಯೂಟನ್-ಮೀಟರ್. ದೇಹದ ಮೇಲ್ಭಾಗದ ತೂಕ 350 ನ್ಯೂಟನ್, ದೂರ 25 ಸೆಂಟಿಮೀಟರ್: ಸುಮಾರು 88. ಒಟ್ಟು 288 ನ್ಯೂಟನ್-ಮೀಟರ್. ಇದನ್ನು ಸರಿದೂಗಿಸಬೇಕಾದ ಬೆನ್ನಿನ ಸ್ನಾಯುಗಳು ಆಧಾರ ಬಿಂದುವಿನಿಂದ ಕೇವಲ 5 ಸೆಂಟಿಮೀಟರ್ ದೂರದಲ್ಲಿವೆ. ಹೀಗಾಗಿ ಅವು ಸುಮಾರು 5,750 ನ್ಯೂಟನ್ ಬಲ ಹಾಕಬೇಕು. ಚೀಲ ಮತ್ತು ದೇಹದ ತೂಕದ ಪಾಲೂ ಸೇರಿದರೆ ಕೆಳಗಿನ ಡಿಸ್ಕಿನ ಮೇಲೆ 6,000 ನ್ಯೂಟನ್‌ಗೂ ಮಿಕ್ಕಿದ ಬಲ ಬೀಳುತ್ತದೆ. ಅದು 600 ಕಿಲೋಗ್ರಾಮಿನ ಭಾರಕ್ಕೆ ಸಮ! ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1981ರಲ್ಲಿ ಎಚ್ಚರಿಕೆಯ ಗಡಿಯಾಗಿ ಇಟ್ಟದ್ದು 3,400 ನ್ಯೂಟನ್. ಚೀಲವನ್ನು ಮೈಗೆ ಅವುಚಿ ಹಿಡಿದು, ಮೊಣಕಾಲು ಮಡಿಸಿ ಎತ್ತಬೇಕೆಂದು ಹೇಳುವುದು ಈ 40 ಸೆಂಟಿಮೀಟರ್ ದೂರವನ್ನು ತಗ್ಗಿಸಲಿಕ್ಕೆ.

1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು, ಡಿಸ್ಕು ಹೊರಚಾಚಿ ನರವನ್ನು ಒತ್ತುವುದರಿಂದ ಸೊಂಟ ಮತ್ತು ಕಾಲುನೋವು ಬರಬಹುದೆಂದು ತೋರಿಸಿದರು. ನೋವಿನ ಗುಟ್ಟು ಸಿಕ್ಕಿತೆಂದು ಎಲ್ಲರೂ ಭಾವಿಸಿದರು. ಎಂ.ಆರ್.ಐ. ಬಂದ ಮೇಲಂತೂ ಡಿಸ್ಕು ಸ್ಪಷ್ಟವಾಗಿ ಕಾಣತೊಡಗಿತು. ಆದರೆ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಚಿತ್ರ ತೆಗೆದು ನೋಡಿದಾಗ, ಶೇಕಡಾ 52ರಷ್ಟು ಜನರಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇಕಡಾ 36 ಮಾತ್ರ. ಚಿತ್ರದಲ್ಲಿ ದೋಷವಿದ್ದೂ ನೋವಿಲ್ಲದಿರಬಹುದು, ಚಿತ್ರ ಸರಿಯಿದ್ದೂ ನೋವಿರಬಹುದು. ಚಿತ್ರವೊಂದೇ ಸಾಕ್ಷಿಯಲ್ಲ ಎಂದಾಯಿತು.

'ಡಾಲ್' ಎಂಬ ಮಾನ

ನೋವನ್ನೇ ನೇರವಾಗಿ ಅಳೆಯುವ ಪ್ರಯತ್ನವೂ ನಡೆಯದೆ ಇರಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್ ಮತ್ತು ಹೆಲನ್ ಗುಡೆಲ್ ಒಂದು ಉಪಕರಣವನ್ನು ರೂಪಿಸಿದರು. ಹಣೆಗೆ ಕಪ್ಪು ಶಾಯಿ ಬಳಿದು, ದೀಪದ ಶಾಖವನ್ನು ಮಸೂರದಿಂದ ಕೇಂದ್ರೀಕರಿಸಿ ಮೂರು ಸೆಕೆಂಡು ಬೀಳಿಸುವುದು, ಶಾಖದ ತೀವ್ರತೆಯನ್ನು ಹೆಚ್ಚಿಸುತ್ತಾ ಹೋಗುವುದು ಅದರ ವಿಧಾನ. ಚರ್ಮದ ಉಷ್ಣತೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನೋವು ತೊಡಗುತ್ತಿತ್ತು. ಅಲ್ಲಿಂದ ಗರಿಷ್ಠ ನೋವಿನವರೆಗೆ, ವ್ಯತ್ಯಾಸ ಗೊತ್ತಾಗುವ 21 ಮೆಟ್ಟಿಲುಗಳನ್ನು ಅವರು ಎಣಿಸಿದರು. ಎರಡು ಮೆಟ್ಟಿಲಿಗೆ ಒಂದು 'ಡಾಲ್', ಅಂದರೆ ಗರಿಷ್ಠ ನೋವು ಹತ್ತೂವರೆ ಡಾಲ್. ಉಷ್ಣಮಾಪಕದಂತೆ ನೋವುಮಾಪಕ ಸಿಕ್ಕಿತೆಂಬ ಉತ್ಸಾಹ ಮೂಡಿತು. ಆದರೆ ಬೇರೆಯವರು ಮಾಡಿದಾಗ ಫಲಿತಾಂಶಗಳು ಹೊಂದಿಕೆಯಾಗಲಿಲ್ಲ. ಮಾನ ಮೂಲೆಗುಂಪಾಯಿತು.

ಕಾರಣವನ್ನು ಬೇರೊಂದು ಕಡೆಯಿಂದ ತೋರಿಸಿದವನು ಅರಿವಳಿಕೆ ತಜ್ಞ ಹೆನ್ರಿ ಬೀಚರ್. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಬಹಳ ಮಂದಿ ನೋವಿನ ಔಷಧಿ ಬೇಡವೆಂದದ್ದನ್ನು ಆತ ಕಂಡ. 1956ರಲ್ಲಿ ಆತ ಹೋಲಿಕೆಯೊಂದನ್ನು ಪ್ರಕಟಿಸಿದ: ಔಷಧಿ ಕೇಳಿದ ಸೈನಿಕರು ಶೇಕಡಾ 32, ಶಸ್ತ್ರಚಿಕಿತ್ಸೆಯಿಂದ ಅಂಥದೇ ಗಾಯವಾದ ನಾಗರಿಕರಲ್ಲಿ ಕೇಳಿದವರು ಶೇಕಡಾ 83. ಗಾಯ ಒಂದೇ, ಆದರೆ ಅದರ ಅರ್ಥ ಬೇರೆ. ಸೈನಿಕನಿಗೆ ಗಾಯವೆಂದರೆ ಯುದ್ಧಭೂಮಿಯಿಂದ ಬಿಡುಗಡೆ. ನಾಗರಿಕನಿಗೆ ಅದು ವಿಪತ್ತು. ಇದನ್ನೇ ನಮ್ಮ ಫೌಂಡ್ರಿಯ ಕೆಲಸಗಾರನಿಗೆ ಅನ್ವಯಿಸಿ ನೋಡಿ. ಅವನಿಗೆ ಗಾಯವೆಂದರೆ ನಾಳೆಯ ಕೂಲಿ ಇಲ್ಲ, ಮಕ್ಕಳ ಫೀಜಿಗೆ ಹಣವಿಲ್ಲ, ಜೊತೆಗೆ ಸುಳ್ಳುಗಾರನೆಂಬ ಅಪವಾದ.

ಬೆನ್ನುಹುರಿಯ ಬಾಗಿಲು

ಫ್ರಾನ್ಸಿನ ಡೆಕಾರ್ಟನ ಗ್ರಂಥವೊಂದು ಅವನು ತೀರಿಕೊಂಡ ಮೇಲೆ, 1664ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟವಾಯಿತು. ಹಗ್ಗ ಎಳೆದರೆ ಮೇಲೆ ಗಂಟೆ ಬಾರಿಸುವಂತೆ, ಕಾಲಿಗೆ ಬೆಂಕಿ ತಾಗಿದರೆ ಮಿದುಳಿನಲ್ಲಿ ನೋವಾಗುತ್ತದೆ ಎಂಬುದು ಅದರ ವಿವರಣೆ. ಎಷ್ಟು ಎಳೆತವೋ ಅಷ್ಟು ಸದ್ದು. ಗಾಯದಷ್ಟೇ ನೋವು ಎಂಬ ನಮ್ಮ ನಂಬಿಕೆಗೆ ಈ ಹಗ್ಗವೇ ಮೂಲ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಈ ಹಗ್ಗದ ಬದಲಿಗೆ ಬಾಗಿಲನ್ನು ಸೂಚಿಸಿದರು. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಹೋಗುತ್ತದೆ. ಮಂದವಾದ, ದೀರ್ಘ ನೋವನ್ನು ಒಯ್ಯುವ ಸಪೂರ ತಂತುಗಳಲ್ಲಿ ವೇಗ ಸೆಕೆಂಡಿಗೆ ಒಂದು ಮೀಟರಿನಷ್ಟು. ಇವೆರಡೂ ಬೆನ್ನುಹುರಿಯಲ್ಲಿ ಸೇರುವಲ್ಲಿ ಒಂದು ಬಾಗಿಲಿದ್ದಂತೆ. ಸಪೂರ ತಂತುಗಳು ಅದನ್ನು ತೆರೆಯುತ್ತವೆ, ದಪ್ಪ ತಂತುಗಳು ಮುಚ್ಚುತ್ತವೆ. ಮಂಡಿ ಗುದ್ದಿಕೊಂಡಾಗ ನಾವು ಉಜ್ಜಿಕೊಳ್ಳುವುದು ಇದಕ್ಕೇ. ಇನ್ನೂ ಮುಖ್ಯ ಸಂಗತಿಯೆಂದರೆ, ಮಿದುಳಿನಿಂದ ಕೆಳಗೆ ಬರುವ ಸಂಕೇತಗಳೂ ಈ ಬಾಗಿಲನ್ನು ನಿಯಂತ್ರಿಸುತ್ತವೆ. ಭಯ, ಚಿಂತೆ, ನಿದ್ರೆಗೇಡು ಇದ್ದಾಗ ಬಾಗಿಲು ಹೆಚ್ಚು ತೆರೆದಿರುತ್ತದೆ. ಈ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾಗಿವೆ, ಮೂಲ ವಿಚಾರ ಉಳಿದಿದೆ.

1983ರಲ್ಲಿ ಕ್ಲಿಫರ್ಡ್ ವುಲ್ಫ್ ಪ್ರಾಣಿಗಳ ಮೇಲಿನ ಪ್ರಯೋಗದಿಂದ ಇನ್ನೊಂದು ಹೆಜ್ಜೆ ಮುಂದಿಟ್ಟ. ಗಾಯದ ಸಂಕೇತಗಳು ಬರುತ್ತಲೇ ಇದ್ದರೆ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಸಂವೇದನಶೀಲವಾಗುತ್ತವೆ. ಧ್ವನಿವರ್ಧಕದ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ಪಿಸುಮಾತೂ ಅಬ್ಬರವಾಗುವಂತೆ, ಮೃದು ಸ್ಪರ್ಶವೂ ನೋವಾಗುತ್ತದೆ. ಇಲ್ಲಿ ದೋಷ ಮೈಕಿನಲ್ಲಿಲ್ಲ, ವರ್ಧಕದಲ್ಲಿದೆ. ಮೈಕಿನ ಚಿತ್ರ ತೆಗೆದರೆ ಏನು ಕಂಡೀತು?

ಇದರ ಫಲವಾಗಿ ನೋವಿನ ವ್ಯಾಖ್ಯೆಯೇ ಬದಲಾಯಿತು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಂತೆ ನೋವು ಸಂವೇದನೆಯೂ ಹೌದು, ಭಾವನೆಯೂ ಹೌದು. ನೋವಿದೆ ಎನ್ನುವವರ ಮಾತನ್ನು ಗೌರವಿಸಬೇಕು ಎಂದೂ ಸಂಘ ಸೇರಿಸಿದೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ, ಮೂರು ತಿಂಗಳು ಮೀರಿ ಉಳಿಯುವ ದೀರ್ಘಕಾಲಿಕ ನೋವಿಗೆ ತನ್ನದೇ ಸಂಕೇತ ಸಂಖ್ಯೆ ಸಿಕ್ಕಿದೆ.

ಹಣ ಬಂದರೆ ನೋವು ಹೋಗುವುದೆ?

ಹಳೆಯ ಸಂಶಯ ಮಾತ್ರ ಸುಲಭವಾಗಿ ಸಾಯಲಿಲ್ಲ. 1961ರಲ್ಲಿ ಬ್ರಿಟನ್ನಿನ ನರವೈದ್ಯ ಹೆನ್ರಿ ಮಿಲ್ಲರ್, ಪರಿಹಾರ ಇತ್ಯರ್ಥವಾದ ಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆಂದು ಬರೆದ. ವಿಮಾ ವಕೀಲರಿಗೆ ಇದು ಬಹುಕಾಲ ಆಧಾರವಾಯಿತು. 1982ರಲ್ಲಿ ಆಸ್ಟ್ರೇಲಿಯದ ಜಾರ್ಜ್ ಮೆಂಡಲ್ಸನ್, ತೀರ್ಪು ಬಂದ ಮೇಲೂ ಬಹಳ ಮಂದಿ ಕೆಲಸಕ್ಕೆ ಮರಳಲಾಗದೆ ಉಳಿದದ್ದನ್ನು ತೋರಿಸಿ ಇದನ್ನು ಅಲ್ಲಗಳೆದ. ನಟಿಸುವವರು ಇಲ್ಲವೆಂದಲ್ಲ. ಆದರೆ ಅವರಿಗಾಗಿ ಉಳಿದವರನ್ನೆಲ್ಲ ಶಂಕಿಸುವುದು, ಒಂದು ಉಪಕರಣ ಕೆಟ್ಟಿದೆಯೆಂದು ಎಲ್ಲ ಅಳತೆಗಳನ್ನೂ ಎಸೆದಂತೆ. ಇನ್ನೊಂದು ಮಾತು: ಪ್ರಕರಣ ವರ್ಷಗಟ್ಟಲೆ ಎಳೆದಾಗ ಪದೇ ಪದೇ ನೋವನ್ನು ಸಾಬೀತು ಮಾಡಬೇಕಾದ ಒತ್ತಡವೇ ಬಾಗಿಲನ್ನು ತೆರೆದಿಡುತ್ತದೆ. ಪರಿಹಾರದ ಆಸೆಗಿಂತ ಪರಿಹಾರದ ವಿಳಂಬವೇ ಹೆಚ್ಚು ಕೆಡಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ ದಾರಿ ತೋರಿದೆ. ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಒಬ್ಬ ಬಡಗಿ ತನ್ನ ಎಡಗೈಯನ್ನು ಮೊಣಕೈ ಮೇಲಿನಿಂದ ಕಳೆದುಕೊಂಡಿದ್ದ. ಬಡಗಿ ಒಂದು ಕೈಯಲ್ಲಿ ಕೆಲಸ ಮಾಡಲಾರ, ಆದ್ದರಿಂದ ಗಳಿಕೆಯ ನಷ್ಟ ಶೇಕಡಾ 100 ಎಂಬ ನಿರ್ಣಯವನ್ನು ನ್ಯಾಯಾಲಯ 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. ದೇಹದ ಊನದ ಪ್ರಮಾಣವೇ ಬೇರೆ, ದುಡಿಮೆಯ ನಷ್ಟದ ಪ್ರಮಾಣವೇ ಬೇರೆ. ಕೈ ಹೋದ ಗುಮಾಸ್ತನ ನೌಕರಿ ಉಳಿಯಬಹುದು, ಚಾಲಕನದು ಉಳಿಯದು. ಅಂದರೆ ಕೇಳಬೇಕಾದ ಪ್ರಶ್ನೆ 'ಏನು ಹೋಯಿತು?' ಎಂಬುದಲ್ಲ, 'ಏನು ಮಾಡಲಾಗುತ್ತಿಲ್ಲ?' ಎಂಬುದು. ನೋವಿಗೂ ಇದೇ ಸರಿಯಾದ ಅಳತೆಗೋಲು. ಎಷ್ಟು ಹೊತ್ತು ನಿಲ್ಲಬಲ್ಲರು, ಎಷ್ಟು ದೂರ ನಡೆಯಬಲ್ಲರು, ಎಷ್ಟು ಭಾರ ಎಷ್ಟು ಸಲ ಎತ್ತಬಲ್ಲರು ಎಂಬುದನ್ನು ಗಡಿಯಾರ ಮತ್ತು ತಕ್ಕಡಿಯಿಂದಲೇ ಅಳೆಯಬಹುದು.

1923ರ ಕಾಯಿದೆಯ ವಿಷಯಗಳು 1948ರ ನೌಕರರ ರಾಜ್ಯ ವಿಮಾ ಕಾಯಿದೆಯ ಜೊತೆಗೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾನೂನು ಯಾವುದಾದರೂ ಕೆಲಸಗಾರ ಮರೆಯಬಾರದ ಸಂಗತಿಗಳು ಕೆಲವಿವೆ. ಗಾಯವಾದ ದಿನವೇ ಅದನ್ನು ಕೆಲಸದ ಜಾಗದ ದಾಖಲೆಯಲ್ಲಿ ಬರೆಸಬೇಕು. ವೈದ್ಯರ ಚೀಟಿಯಲ್ಲಿ ಗಾಯ ಹೇಗಾಯಿತೆಂಬ ಮಾತು ಇರಬೇಕು. ಯಾವ ಕೆಲಸ ಆಗುತ್ತಿಲ್ಲವೆಂಬುದನ್ನು ದಿನಚರಿಯಲ್ಲಿ ಬರೆದಿಡಬೇಕು. ಅಕ್ಷರ ಬಾರದವರಿಗೆ ಮನೆಯ ಶಾಲಾ ಮಕ್ಕಳೇ ಇದನ್ನು ಬರೆದುಕೊಡಬಹುದಲ್ಲವೆ?

ನೋವಿನೊಡನೆ ಬಾಳುವುದು

ಪರಿಹಾರ ಸಿಕ್ಕರೂ ನೋವು ಉಳಿಯಬಹುದು. ಒಂದು ಕಾಲಕ್ಕೆ ಬೆನ್ನುನೋವಿಗೆ ವಾರಗಟ್ಟಲೆ ಮಲಗಿರಲು ಹೇಳುತ್ತಿದ್ದರು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಏಳು ದಿನದ ವಿಶ್ರಾಂತಿಗಿಂತ ಎರಡು ದಿನದ್ದು ಕಡಿಮೆಯೇನಲ್ಲ ಎಂದು ತೋರಿಸಿದರು. ಸ್ಕಾಟ್ಲೆಂಡಿನ ಗಾರ್ಡನ್ ವಾಡೆಲ್ 1987ರಲ್ಲಿ ಅತಿ ವಿಶ್ರಾಂತಿಯೇ ಅಶಕ್ತತೆಯನ್ನು ಬೆಳೆಸುತ್ತದೆ ಎಂದ. ಇಂದಿನ ಸಲಹೆ ಸರಳವಾಗಿದೆ: ಅಪಾಯದ ಲಕ್ಷಣಗಳಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಚಟುವಟಿಕೆ ಹೆಚ್ಚಿಸಬೇಕು. ನೋವು ಕಡಿಮೆಯಿದ್ದ ದಿನ ಎಲ್ಲ ಕೆಲಸ ಮುಗಿಸಹೋಗಿ ಮರುದಿನ ಹಾಸಿಗೆ ಹಿಡಿಯುವುದು ಸಲ್ಲ. ಹತ್ತು ನಿಮಿಷ ನಡೆಯಬಲ್ಲವರು ಎಂಟಕ್ಕೇ ನಿಲ್ಲಿಸಿ, ವಾರಕ್ಕೆ ಒಂದೆರಡು ನಿಮಿಷ ಏರಿಸುತ್ತಾ ಹೋಗುವುದು ಜಾಣತನ. ಬೆಂಗಳೂರಿನ ಬಳಿಯ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ಸೊಂಟನೋವಿನ 80 ಜನರನ್ನು ಎರಡು ಗುಂಪು ಮಾಡಿ ಒಂದು ವಾರ ನೋಡಿದರು. ಯೋಗಾಭ್ಯಾಸದ ಗುಂಪಿನಲ್ಲಿ ಅಶಕ್ತತೆ ವ್ಯಾಯಾಮದ ಗುಂಪಿಗಿಂತ ಹೆಚ್ಚು ಇಳಿದಿತ್ತು. ಒಂದು ವಾರದ ಫಲವನ್ನು ವರ್ಷಗಳಿಗೆ ವಿಸ್ತರಿಸಲಾಗದು, ಆದರೂ ದಿಕ್ಕು ಗಮನಾರ್ಹ.

ನೋವು ಚಿಕಿತ್ಸೆಯನ್ನು ವೈದ್ಯಶಾಸ್ತ್ರದ ಒಂದು ಶಾಖೆಯಾಗಿ ಕಟ್ಟಿದ ಜಾನ್ ಬೊನಿಕಾ ಓದಿನ ಖರ್ಚಿಗಾಗಿ ಕುಸ್ತಿಯಾಡಿದವನು. ಆ ಕುಸ್ತಿಯ ಪೆಟ್ಟುಗಳ ನೋವನ್ನು ಬದುಕಿಡೀ ಅನುಭವಿಸುತ್ತಲೇ 1953ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ. ಕುಸ್ತಿಯ ನಾಡಾದ ನಮ್ಮ ಭಾಗದ ಓದುಗರಿಗೆ ಇದು ಆಪ್ತವೆನಿಸಬಹುದು.

ಶಿಕ್ಷಕ ಮಿತ್ರರೆ, ಸನ್ನೆಯ ಪಾಠ ಮಾಡುವಾಗ ಕತ್ತರಿ, ಅಡಕೊತ್ತುಗಳ ಜೊತೆಗೆ ಚೀಲ ಎತ್ತುವ ಬೆನ್ನಿನ ಚಿತ್ರವನ್ನೂ ಬರೆಯಿರಿ. 40 ಸೆಂಟಿಮೀಟರನ್ನು 20 ಮಾಡಿದರೆ ಬಲ ಎಷ್ಟು ಇಳಿಯುತ್ತದೆಂದು ಮಕ್ಕಳೇ ಲೆಕ್ಕ ಮಾಡಲಿ. ಅವರಲ್ಲಿ ಹಲವರ ಅಪ್ಪಂದಿರು ಆ ಹೊತ್ತಿಗೆ ಅಂಥದೇ ಚೀಲವನ್ನು ಎತ್ತುತ್ತಿರುತ್ತಾರೆ. ನನ್ನ ಪರಿಚಯದವರು ಈಗ ಒಂದು ಅಂಗಡಿಯಲ್ಲಿ ಕುಳಿತು ಮಾಡುವ ಕೆಲಸ ಹಿಡಿದಿದ್ದಾರೆ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಮೆಲ್ಜಾಕ್ ಮತ್ತು ವಾಲರ ಬಾಗಿಲಿನ ಕಥೆಯನ್ನು ನಾನು ಅವರಿಗೆ ಹೇಳಿದಾಗ ಕೊನೆಯವರೆಗೂ ಸುಮ್ಮನೆ ಕೇಳಿ, "ಹಂಗಾರ ನಾ ಸುಳ್ಳ ಹೇಳಿಲ್ಲಂತ ಆತಲ್ರಿ" ಎಂದರು.